ಹೊಗೆಯ ವರ್ಷದ ಐದನೇ ರಾಣಿ

ಮೊನ್ನೆ ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಸುಟ್ಟ ವಾಸನೆ ಬಂತು. ನನ್ನ ಸ್ವಭಾವ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಒಲೆ ನೋಡಿದೆ, ಆರಿತ್ತು. ಟೋಸ್ಟರ್ ನೋಡಿದೆ, ಪ್ಲಗ್ಗೇ ಹಾಕಿರಲಿಲ್ಲ. ಸ್ಮೋಕ್ ಅಲಾರಮ್ಮಿನ ಕೆಳಗೆ ಕುರ್ಚಿ ಎಳೆದುಕೊಂಡು ಹತ್ತಿ, ಬ್ಯಾಟರಿ ಬದುಕಿದೆಯೋ ಸತ್ತಿದೆಯೋ ಅಂತ ಗುಂಡಿ ಒತ್ತಿ, ಇಡೀ ಮನೆಯನ್ನು ಎಬ್ಬಿಸಿದೆ.

ಹೆಂಡತಿ ವಸುಧಾ ಮಹಡಿಯಿಂದಲೇ ಕೂಗಿದಳು: "ಮೊದಲು ಕಿಟಕಿ ಹಾಕ್ರೀ. ಎಲ್ಲೋ ಕಾಡಿಗೆ ಬೆಂಕಿ ಬಿದ್ದಿದೆ ಅಷ್ಟೆ. ಇದೇನು ನಿಮಗೆ ಹೊಸದಾ?"

ಹೊಸದಲ್ಲ. ಅಮೆರಿಕಾದ ಈ ಕ್ಯಾಂಪ್‌ಬೆಲ್‌ಗೆ ಬಂದು ಇಷ್ಟು ವರ್ಷವಾದ ಮೇಲೆ ಬೇಸಿಗೆ ಮುಗಿಯುವ ಹೊತ್ತಿಗೆ ಆಕಾಶ ಕಂದುಬಣ್ಣಕ್ಕೆ ತಿರುಗುವುದು ಅಭ್ಯಾಸವಾಗಿದೆ. ಹೊಗೆ ಬಂದಾಗ ಬೇರೆಯವರಿಗೆ ಆಸ್ತಮಾ ನೆನಪಾಗುತ್ತದೆ, ಮನೆಯ ಇನ್ಶೂರೆನ್ಸು ನೆನಪಾಗುತ್ತದೆ. ನನಗೆ ಇನ್ಶೂರೆನ್ಸಿನ ಜೊತೆಗೆ ಇಂಗ್ಲೆಂಡಿನ ಎಂಟನೇ ಹೆನ್ರಿ ದೊರೆಯ ಐದನೇ ಹೆಂಡತಿಯೂ ನೆನಪಾಗುತ್ತಾಳೆ. ನಗುವವರು ನಗಲಿ. ಅವಳು ನಮ್ಮ ಗರಾಜಿನಲ್ಲಿ ಒಂದು ಇಡೀ ಹೊಗೆಗಾಲ ಇದ್ದವಳು.

ಆ ವರ್ಷ ಸರ್ವಮಂಗಳಾ ಮೇಡಂ ನಮ್ಮ ಪಕ್ಕದ ಬೀದಿಗೆ ಮಗಳ ಬಾಣಂತನಕ್ಕೆ ಬಂದಿದ್ದರು. ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಮಗು ಮಲಗಿದ ಮೇಲೆ ಅವರಿಗೆ ಈ ದೇಶದಲ್ಲಿ ಮಾಡಲು ಏನೂ ಇರುತ್ತಿರಲಿಲ್ಲ. ಒಂದು ದಿನ ವಾಕಿಂಗಿನಲ್ಲಿ ಸಿಕ್ಕಿ, "ನಿಮ್ಮ ಸಂಘದಲ್ಲಿ ರಾಜ್ಯೋತ್ಸವಕ್ಕೆ ನಾಟಕ ಆಡ್ತೀರಂತೆ. ಒಂದು ಬರೆದುಕೊಡ್ಲಾ?" ಅಂದರು. ನಮ್ಮ ಸಂಘದಲ್ಲಿ ಪ್ರತಿ ವರ್ಷ ಒಂದೇ ನಾಟಕ: ಗಂಡ ಲುಂಗಿ ಉಟ್ಟು ಪಾತ್ರೆ ತೊಳೆಯುತ್ತಾನೆ, ಹೆಂಡತಿ ಫೋನಿನಲ್ಲಿರುತ್ತಾಳೆ, ಅತ್ತೆಯ ಪಾರ್ಟನ್ನು ಮೀಸೆಯಿರುವವನೊಬ್ಬ ಮಾಡುತ್ತಾನೆ. ಬದಲಾವಣೆ ಇರಲಿ ಅಂತ ಒಪ್ಪಿದೆವು. ರಾಣಿಯ ಕಥೆ ಅಂದಾಗ ನಮ್ಮ ಕಡೆಯ ಯಾವುದೋ ಕುದುರೆ ಹತ್ತಿದ ರಾಣಿ ಇರಬೇಕು ಅಂದುಕೊಂಡೆವು.

ಮೇಡಂ ತಂದದ್ದು ಹೆನ್ರಿಯ ಐದನೇ ರಾಣಿ ಕ್ಯಾಥರೀನಳ ಕಥೆ. ಮೊದಲ ದಿನ ಗರಾಜಿನಲ್ಲಿ ಮಡಿಸುವ ಕುರ್ಚಿಗಳ ಮೇಲೆ ನಮ್ಮನ್ನು ಕೂರಿಸಿ, ಕ್ಲಾಸು ತೆಗೆದುಕೊಳ್ಳುವ ಹಾಗೆ ನಿಂತುಕೊಂಡೇ ಹೇಳಿದರು.

"ಅವಳು ಹುಟ್ಟಿದ ವರ್ಷ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಬರೆದಿಡಬೇಕು ಅಂತ ಯಾರಿಗೂ ಅನಿಸಿರಲಿಲ್ಲ. ಮನೆತನ ದೊಡ್ಡದು, ಅಪ್ಪ ಕೆಲಸಕ್ಕೆ ಬಾರದವನು, ತಾಯಿ ಇಲ್ಲ. ತಾತನ ಎರಡನೇ ಹೆಂಡತಿಯ ಮನೆಗೆ ಕಳಿಸಿದ್ರು. ಅಲ್ಲಿ ಹೀಗೇ ಬಿಟ್ಟುಹೋದ ಹುಡುಗಿಯರೆಲ್ಲ ಒಂದೇ ಹಾಲಿನಲ್ಲಿ ಮಲಗ್ತಿದ್ರು. ನೋಡ್ಕೊಳ್ಳೋರು ಯಾರೂ ಇಲ್ಲ. ಸಂಗೀತ ಕಲಿಸೋಕೆ ಅಂತ ಬಂದವನು ಮೈಮೇಲೆ ಕೈ ಹಾಕಿದ. ಆಗ ಅವಳಿನ್ನೂ ಮಗು. ಆಮೇಲೆ ಅರಮನೆಗೆ ಊಳಿಗಕ್ಕೆ ಹೋದಳು. ದೊರೆ ಕಣ್ಣಿಗೆ ಬಿದ್ದಳು. ದೊರೆಗೆ ಐವತ್ತು ಹತ್ತಿರ. ಕಾಲಲ್ಲಿ ವಾಸಿಯಾಗದ ಹುಣ್ಣು, ಕೋಣೆಗೆ ಕಾಲಿಡೋ ಮೊದಲೇ ವಾಸನೆ ಬರ್ತಿತ್ತಂತೆ. ಅವನು ಅದಾಗಲೇ ತಲೆ ತೆಗೆಸಿದ್ದ ಎರಡನೇ ರಾಣಿ ಇವಳ ಸೋದರತ್ತೆ ಮಗಳೇ."

"ಗೊತ್ತಿದ್ದೂ ಕೊಟ್ರಾ ಮೇಡಂ?" ಅಂದರು ವಿಶಾಲ, ನಮ್ಮ ಸಂಘದ ಕಾರ್ಯದರ್ಶಿ.

"ಕೊಟ್ರು. ಹುಡುಗ ರಾಜ ಅಲ್ವೇನಮ್ಮ. ಒಳ್ಳೆ ಸಂಬಂಧ."

ಎಲ್ಲರೂ ನಕ್ಕೆವು. ಹೆನ್ರಿಯ ಪಾತ್ರಕ್ಕೆ ನನ್ನನ್ನು ಆರಿಸಿದರು. ನಟನೆಯಿಂದಲ್ಲ, ಹೊಟ್ಟೆಗೆ ಬೇರೆ ದಿಂಬು ಬೇಡ ಎನ್ನುವ ಒಂದೇ ಅರ್ಹತೆಯಿಂದ. ರಾಣಿಯ ಸಖಿ ವಿಶಾಲ. ರಾಣಿಯ ಜೊತೆ ಹೆಸರು ಕೇಳಿಬರುವ ಥಾಮಸ್ ಎಂಬ ಯುವಕನ ಪಾತ್ರಕ್ಕೆ ನಿಖಿಲ್, ಮಂಗಳೂರಿನ ಹುಡುಗ, ಮದುವೆಯಾಗಿಲ್ಲ, ಕೆಲಸ ಒಂದು ಚಿಪ್ ಕಂಪನಿಯಲ್ಲಿ. ರಾಣಿ ಸಿಂಚನಾ.

ಸಿಂಚನಾ ಆ ವರ್ಷವೇ ಮದುವೆಯಾಗಿ ಹುಬ್ಬಳ್ಳಿಯಿಂದ ಸನ್ನಿವೇಲ್‌ಗೆ ಬಂದವಳು. ಅಲ್ಲಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು. ಇಲ್ಲಿ ಅವಳ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬರುವುದಿಲ್ಲ. ಗಂಡ ಮಂಜುನಾಥನ ಆಫೀಸು ಪಾಲೋ ಆಲ್ಟೋದಲ್ಲಿ. ಸಂಜೆಯಾದರೆ ಇಂಡಿಯಾದ ಟೀಮಿನ ಜೊತೆ ಮೀಟಿಂಗು. ಅವಳ ಪಾಲಿಗೆ ಈ ನಾಟಕ ವಾರದಲ್ಲಿ ಎರಡು ಸಲ ಚಪ್ಪಲಿ ಹಾಕಿಕೊಳ್ಳುವುದಕ್ಕೆ ಇದ್ದ ಏಕೈಕ ಕಾರಣ. ಇದನ್ನು ಅವಳೇ ನಗುತ್ತಾ ಹೇಳಿದ್ದು: "ನಾಟಕ ಇರಲಿಲ್ಲಂದ್ರ ನನ್ನ ಚಪ್ಪಲಿಗೆ ಧೂಳು ಹಿಡೀತಿತ್ತು ನೋಡ್ರಿ."

ಮೊದಲ ಓದಿನಲ್ಲಿ ಅವಳು ಪುಸ್ತಕದ ಕನ್ನಡ ಮಾತಾಡಲು ತಿಣುಕಿದಳು. ಮೇಡಂ ತಡೆದರು. "ನೀನು ನಿನ್ನ ಹುಬ್ಬಳ್ಳಿ ಮಾತೇ ಆಡಮ್ಮ. ಕ್ಯಾಥರೀನಳಿಗೆ ನೆಟ್ಟಗೆ ಓದು ಬರಹ ಕಲಿಸಿದವರೇ ಇಲ್ಲ, ಅವಳು ಅರಮನೆಯವರ ಹಾಗೆ ಯಾಕೆ ಮಾತಾಡ್ತಾಳೆ? ಇವರೆಲ್ಲ ಮೈಸೂರು ಕನ್ನಡದಲ್ಲಿ ಒಂದು ಕಡೆ ನಿಂತಿರಲಿ, ನೀನೊಬ್ಬಳು ಇನ್ನೊಂದು ಕಡೆ." ಅಂದಿನಿಂದ ಇಂಗ್ಲೆಂಡಿನ ರಾಣಿ "ಹೌದ್ರಿ ದೊರಿ" ಅನ್ನತೊಡಗಿದಳು. ತಮಾಷೆಯಾಗಿರಬೇಕಿತ್ತು. ಆಗಲಿಲ್ಲ. ಆ ಗರಾಜಿನಲ್ಲಿ, ವಾಷಿಂಗ್ ಮಷೀನು ಮತ್ತು ಹಳೇ ಸೈಕಲ್ಲುಗಳ ನಡುವೆ, ಅವಳು ಬಾಯಿ ತೆರೆದರೆ ನಿಜವಾಗಿಯೂ ಯಾರೋ ತಪ್ಪಿ ದೊಡ್ಡವರ ಮನೆಗೆ ಬಂದುಬಿಟ್ಟಿದ್ದಾರೆ ಅನಿಸುತ್ತಿತ್ತು.

ಆ ಹೊತ್ತಿಗೆ ಹೊಗೆ ಶುರುವಾಯಿತು. ಬೆಟ್ಟದ ಆಚೆ ಎಲ್ಲೋ ಕಾಡು ಉರಿಯುತ್ತಿತ್ತು. ಮಧ್ಯಾಹ್ನಕ್ಕೇ ಸೂರ್ಯ ಕುಂಕುಮದ ಬೊಟ್ಟಿನ ಹಾಗೆ ಕಾಣುತ್ತಿದ್ದ, ಕಾರಿನ ಮೇಲೆ ಬೂದಿ. ಗರಾಜಿನ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಟವೆಲ್ಲು ತುರುಕಿ, ಎರಡು ಗಾಳಿ ಶುದ್ಧಿ ಮಾಡುವ ಯಂತ್ರ ಇಟ್ಟು ರಿಹರ್ಸಲ್ ಮಾಡುತ್ತಿದ್ದೆವು. ನಾನು ದೊರೆಯ ಗತ್ತಿನಲ್ಲಿ ಒಂದು ಡೈಲಾಗು ಹೇಳಿ, ಮೊಬೈಲಿನಲ್ಲಿ ಗಾಳಿ ಎಷ್ಟು ಕೆಟ್ಟಿದೆ ಅಂತ ನೋಡಿ, ಮುಂದಿನ ಡೈಲಾಗು ಹೇಳುತ್ತಿದ್ದೆ.

ನನ್ನ ಮುಖ್ಯವಾದ ಮಾತು ಎರಡನೇ ಅಂಕದಲ್ಲಿತ್ತು. ತಾತನ ಹೆಂಡತಿಯ ಮನೆಯ ಹಾಲಿನಲ್ಲಿ ರಾಣಿಯ ಜೊತೆಗೆ ಮಲಗುತ್ತಿದ್ದ ಒಬ್ಬಳು, ಇವಳ ಚಿಕ್ಕಂದಿನ ವಿಷಯವನ್ನು ತನ್ನ ಅಣ್ಣನಿಗೆ ಹೇಳುತ್ತಾಳೆ. ಅಣ್ಣ ಧರ್ಮಗುರುವಿಗೆ ಹೇಳುತ್ತಾನೆ. ಧರ್ಮಗುರು ರಾಜನಿಗೆ ಮುಟ್ಟಿಸುತ್ತಾನೆ. ರಾಜ ನಂಬುವುದಿಲ್ಲ.

"ಇಲ್ಲಿ ಕೋಪ ಬೇಡ ಸುರೇಶ್," ಅಂತ ಮೇಡಂ ತಿದ್ದುತ್ತಿದ್ದರು. "ಕೋಪ ಬಂದದ್ದು ಎಷ್ಟೋ ಆಮೇಲೆ. ಮೊದಲು ಬಂದದ್ದು ಕಾಳಜಿ. ಅವನಿಗೆ ಅವಳ ಮೇಲೆ ಪ್ರೀತಿ ಇತ್ತು. ಅವಳ ಹೆಸರು ಉಳಿಸೋಕೆ ಅಂತಲೇ ವಿಚಾರಣೆ ಶುರು ಮಾಡಿಸಿದ. ಆ ಥಾಮಸ್ ಜೊತೆ ನಿಜವಾಗಿ ಏನು ನಡೀತು ಅಂತ ಇವತ್ತಿಗೂ ಯಾರಿಗೂ ಖಚಿತವಿಲ್ಲ. ಇಬ್ಬರೂ ಕೂತು ಮಾತಾಡಿದ್ದು ಹೌದು. ಆದರೆ ವಿಚಾರಣೆ ಅಂತ ಶುರುವಾದ ಮೇಲೆ ಅದಕ್ಕೇನಾದ್ರೂ ಸಿಗಲೇಬೇಕಲ್ಲ. ಹೇಳಿ."

ನಾನು ಹೇಳುತ್ತಿದ್ದೆ: "ರಾಣಿಯ ಹೆಸರಿಗೆ ಧಕ್ಕೆಯಾಗದ ಹಾಗೆ ವಿಚಾರಿಸಿ. ಗುಟ್ಟಾಗಿ. ಅವಳಿಗೂ ತಿಳಿಯಬಾರದು."

ವಾರಕ್ಕೆ ಎರಡು ಸಲ ಹೇಳುತ್ತಿದ್ದೆ. ಒಂದು ಸಲವೂ ನನ್ನ ಕಿವಿಗೆ ಬೀಳಲಿಲ್ಲ.

ಕೊನೆಯ ದೃಶ್ಯ ಮಾಡಿದ ಶನಿವಾರ ಮಾತ್ರ ಚೆನ್ನಾಗಿ ನೆನಪಿದೆ. ಮೇಡಂ ಹೇಳಿದರು, "ತಲೆ ತೆಗೀಬೇಕು ಅಂತ ಆಜ್ಞೆ ಆಗಿ, ಸಾಯೋ ಹಿಂದಿನ ದಿನ ಅವಳು ಕಾವಲಿನವರ ಹತ್ರ ಒಂದು ಕೋರಿಕೆ ಇಟ್ಟಳು. ನಾಳೆ ನಾನು ತಲೆ ಇಡಬೇಕಾದ ಆ ಮರದ ಕೊರಡನ್ನ ಇಲ್ಲಿಗೆ ತಂದುಕೊಡಿ, ಹೇಗೆ ಇಡೋದು ಅಂತ ಅಭ್ಯಾಸ ಮಾಡ್ಕೋತೀನಿ ಅಂತ."

"ಅಯ್ಯೋ ರಾಮ. ಸಾಯೋಕೂ ಪ್ರಾಕ್ಟೀಸಾ?" ಅಂದರು ವಿಶಾಲ.

"ಹೂಂ. ಎಲ್ಲರ ಎದುರಿಗೆ ತಪ್ಪು ಮಾಡಬಾರದು ಅಂತ."

ಕೊರಡಿನ ಬದಲಿಗೆ ನಾವು ಪಿಕ್ನಿಕ್ಕಿಗೆ ಒಯ್ಯುವ ನೀಲಿ ಐಸ್ ಬಾಕ್ಸು ಇಟ್ಟೆವು. ಸಿಂಚನಾ ಅದರ ಮುಂದೆ ಮಂಡಿಯೂರಿದಳು. ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂದಲನ್ನು ಒಂದು ಪಕ್ಕಕ್ಕೆ ಸರಿಸಿ, ಕೆನ್ನೆಯನ್ನು ಮುಚ್ಚಳದ ಮೇಲೆ ಇಟ್ಟಳು. ಸರಿಯಾಗಲಿಲ್ಲ ಅನಿಸಿತೇನೋ, ಎದ್ದಳು. ಮತ್ತೆ ಇಟ್ಟಳು. ಗದ್ದ ಸ್ವಲ್ಪ ಮುಂದೆ ಜರುಗಿಸಿದಳು. ಆಮೇಲೆ ಅಲ್ಲಿಂದಲೇ ಕಣ್ಣೆತ್ತಿ ಕಾವಲಿನವನನ್ನು ಕೇಳಿದಳು: "ಹಿಂಗ ಇಟ್ರ ಸರಿ ಆಗ್ತೇತೇನ್ರಿ? ನಾಳಿಗೆ ತಪ್ಪಾಗಬಾರದು."

ನಮ್ಮ ಮಗಳು ಅನಿಕಾ ಗರಾಜಿನ ಫ್ರಿಜ್ಜಿನಿಂದ ಜ್ಯೂಸು ತೆಗೆದುಕೊಳ್ಳಲು ಬಂದವಳು ಬಾಗಿಲು ತೆರೆದು ಹಿಡಿದೇ ನಿಂತುಬಿಟ್ಟಿದ್ದಳು. ಫ್ರಿಜ್ಜು ಕುಂಯ್ ಕುಂಯ್ ಅನ್ನುತ್ತಿತ್ತು. ಯಾರೂ ಹೋಗಿ ಮುಚ್ಚಲಿಲ್ಲ. ವಿಶಾಲ ಕಣ್ಣೊರೆಸಿಕೊಂಡರು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ, "ಇದನ್ನ ನೀನು ಸ್ಟೇಜಿನ ಮೇಲೆ ಹೀಗೇ ಮಾಡಿದ್ರೆ ಸಾಕಮ್ಮ, ನಾನು ಅಮೆರಿಕಾಕ್ಕೆ ಬಂದದ್ದು ಸಾರ್ಥಕ" ಅಂದರು. ಸಿಂಚನಾ ಎದ್ದು ಮಂಡಿ ಕೊಡವಿಕೊಂಡು, "ಐಸ್ ಬಾಕ್ಸ್ ಭಾಳ ತಣ್ಣಗೈತ್ರಿ" ಅಂತ ನಕ್ಕಳು.

ಇನ್ನು ರೈಡಿನ ವಿಷಯ. ಇಲ್ಲಿ ನಾಟಕ ಅಂದರೆ ಅರ್ಧ ಅಭಿನಯ, ಅರ್ಧ ಯಾರು ಯಾರ ಕಾರಿನಲ್ಲಿ ಬರುತ್ತಾರೆ ಅನ್ನುವುದು. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಲ್ಲವಾದ್ದರಿಂದ ಆ ಉಸ್ತುವಾರಿ ನನ್ನದೇ. ನಿಖಿಲ್ ಇದ್ದದ್ದು ಸಿಂಚನಾಳ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲೇ, ಎದುರು ಬಿಲ್ಡಿಂಗು. ಅವಳನ್ನು ಅವನ ಕಾರಿಗೆ ಹಾಕಿದವನು ನಾನೇ. ಮಂಜುನಾಥನೂ ಫೋನು ಮಾಡಿ ಥ್ಯಾಂಕ್ಸ್ ಹೇಳಿದ್ದ.

ಒಂದು ಬುಧವಾರ ಫ್ರೀವೇ ಪಕ್ಕದ ಒಣಹುಲ್ಲಿಗೆ ಬೆಂಕಿ ಬಿದ್ದು ಎರಡು ಲೇನು ಮುಚ್ಚಿದರು. ಇಬ್ಬರೂ ತುಂಬಾ ತಡವಾಗಿ ಬಂದರು. ಬಾಗಿಲು ತೆರೆಯುತ್ತಲೇ ವಿಶಾಲ, "ಏನಪ್ಪಾ ಥಾಮಸ್ಸು, ನಮ್ಮ ರಾಣೀನ ಎಲ್ಲಿಗೆ ಹಾರಿಸಿಕೊಂಡು ಹೋಗಿದ್ದೆ?" ಅಂದರು. ಎಲ್ಲರೂ ಹೋ ಅಂತ ನಕ್ಕರು. ಸಿಂಚನಾ ಮಾಸ್ಕು ತೆಗೆಯುತ್ತಾ, "ಥಾಮಸ್ ಅಲ್ರಿ, ನನ್ನ ಟ್ರಾಫಿಕ್ ಹಾರಿಸಿಕೊಂಡು ಹೋಗಿತ್ತು" ಅಂದಳು. ಇನ್ನೂ ಜೋರು ನಗು. ಅವಲಕ್ಕಿ ತಿಂದೆವು, ರಿಹರ್ಸಲ್ ಮಾಡಿದೆವು. ವಿಶಾಲ ಆ ಮಾತನ್ನು ಆಡಿದ್ದನ್ನೂ ಮರೆತಿದ್ದರು. ವಿಷಯ ಅಲ್ಲಿಗೆ ಮುಗಿದುಹೋಗುತ್ತಿತ್ತು. ಬೇರೆ ಯಾರ ಮನೆಯಲ್ಲಾದರೂ ಮುಗಿಯುತ್ತಿತ್ತು.

ನಾನು ಯೋಚಿಸತೊಡಗಿದೆ. ಇವತ್ತು ತಮಾಷೆಗೆ ಅಂದರು, ನಾಳೆ ಇನ್ನೊಬ್ಬರು ತಮಾಷೆಯಿಲ್ಲದೆ ಅಂದರೆ? ಹೊಸದಾಗಿ ಮದುವೆಯಾದ ಹುಡುಗಿ. ನಾನೇ ಕೂರಿಸಿದ ಕಾರು. ಅವಳ ಹೆಸರಿಗೆ ಏನಾದರೂ ಬಂದರೆ?

"ನಿಮಗ್ಯಾಕ್ರೀ ಇಲ್ಲದ ಉಸಾಬರಿ?" ಅಂದಳು ವಸುಧಾ. "ನಕ್ಕರು, ಮುಗೀತು. ನೀವು ಕೆದಕಬೇಡಿ."

"ಕೆದಕ್ತಿಲ್ಲ ಮಾರಾಯ್ತಿ, ಮುಂಜಾಗ್ರತೆ."

ಮರುದಿನ ಬೆಳಿಗ್ಗೆ ನಾಟಕದ ಗ್ರೂಪಿಗೆ ಹಾಕಬೇಕಾದ ಮೆಸೇಜನ್ನು ಬರೆದು ಅಳಿಸಿ ಬರೆದು ಅಳಿಸಿ, ಯಾರಿಗೂ ಏನೂ ಅನಿಸಬಾರದು, ಗೌರವವಾಗಿಯೂ ಇರಬೇಕು ಅಂತ ಕೊನೆಗೆ ಹೀಗೆ ಬರೆದೆ: "ಕಾರಣಾಂತರಗಳಿಂದ ಇನ್ನು ಮುಂದೆ ಸಿಂಚನಾ ಅವರು ನಮ್ಮ ಕಾರಿನಲ್ಲಿ ಬರುತ್ತಾರೆ."

ಕಾರಣಾಂತರಗಳಿಂದ. ಕಾರ್ಯಕ್ರಮ ಮುಂದಕ್ಕೆ ಹೋದಾಗ, ಮುಖ್ಯ ಅತಿಥಿ ಕೈಕೊಟ್ಟಾಗ, ಕ್ಯಾಟರಿಂಗಿನವನ ಜೊತೆ ಜಗಳವಾದಾಗ ನಮ್ಮ ಸಂಘ ಉಪಯೋಗಿಸುತ್ತಾ ಬಂದಿರುವ ಪದ. ಏನೂ ಹೇಳುವುದಿಲ್ಲ, ಆದ್ದರಿಂದ ಏನೋ ಇದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆವತ್ತು ಅದನ್ನು ಬರೆದು ಎಷ್ಟು ನಾಜೂಕಾಗಿ ನಿಭಾಯಿಸಿದೆ ಅಂತ ನನಗೇ ಹೆಮ್ಮೆಯಾಯಿತು. ಅನಿಕಾ ಭುಜದ ಮೇಲಿಂದ ಇಣುಕಿ, "ಅಪ್ಪಾ, ವಾಟ್ ಡಸ್ ದಟ್ ಫಸ್ಟ್ ವರ್ಡ್ ಈವನ್ ಮೀನ್?" ಅಂದಳು. ಹೇಳಲು ಹೋದೆ. ಬರಲಿಲ್ಲ.

ಮೊದಲ ಥಮ್ಸ್ ಅಪ್ ಸಿಂಚನಾಳದ್ದೇ ಬಂತು. ಓಹ್, ಹುಡುಗಿಗೂ ಸಮಾಧಾನವಾಯಿತು ಅಂದುಕೊಂಡೆ. ಹಿಂದೆಯೇ ಉಳಿದವರ ಹೆಬ್ಬೆರಳುಗಳು, ಜೋಡಿಸಿದ ಕೈಗಳು. ಆಮೇಲೆ ಫೋನು ಶುರುವಾಯಿತು.

"ಏನ್ ಸುರೇಶಣ್ಣ ಅದು ಕಾರಣಾಂತರ?" ವಿಶಾಲ.

"ಏನಿಲ್ಲ, ಏನಿಲ್ಲ. ಸುಮ್ನೆ."

"ನನ್ನ ಹತ್ರ ಹೇಳಬಾರದಾ? ನಾನು ಸೆಕ್ರೆಟರಿ."

"ಹೇಳೋ ಅಂಥದ್ದೇನಿಲ್ಲ ಬಿಡಿ."

ಫೋನಿನ ಆ ಕಡೆ ಒಂದು ಉದ್ದ ಉಸಿರು. "ಸರಿ ಬಿಡಿ. ಅರ್ಥ ಆಯ್ತು."

ಏನು ಅರ್ಥವಾಯಿತೋ ನನಗಂತೂ ಗೊತ್ತಿಲ್ಲ. ಮಧ್ಯಾಹ್ನ ನಿಖಿಲ್ ಮನೆಗೇ ಬಂದ. ಬಾಗಿಲಲ್ಲೇ ನಿಂತು, "ಎಂತ ಸಾರ್ ಇದು? ನಾನು ಎಂತ ಮಾಡಿದ್ದು?" ಅಂದ. ಮುಖ ಕೆಂಪಾಗಿತ್ತು. ಏನಿಲ್ಲಪ್ಪಾ, ಒಳಗೆ ಬಾ, ಕಾಫಿ ಕುಡಿ ಅಂದೆ. "ಏನಿಲ್ಲದಿದ್ದರೆ ಯಾಕೆ ಬದಲಾಯಿಸಿದ್ದು?" ನಾನು ಮತ್ತೆ ಕಾಫಿ ಅಂದೆ. ಕಾಫಿ ಕುಡಿಯದೆ ಹೋದ. ವಾರದೊಳಗೆ ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ನಾಟಕ ಬಿಟ್ಟ. ಪಾತ್ರ ಬಿಟ್ಟು ಓಡಿದನಂತೆ ಅಂತ ಜನ ಹೇಳಿದರು. ಹೇಳಿದವರಿಗೆ ಕಾರಣಾಂತರ ಆಗಲೇ ತಿಳಿದಿತ್ತು.

ಸರಿಪಡಿಸೋಣ ಅಂತ ಗ್ರೂಪಿಗೆ ಇನ್ನೊಂದು ಉದ್ದನೆಯ ಮೆಸೇಜು ಹಾಕಿದೆ. ಯಾರ ಬಗ್ಗೆಯೂ ಯಾವ ದೂರೂ ಇಲ್ಲ, ಯಾರೂ ಏನೂ ತಪ್ಪು ತಿಳಿಯಬಾರದು, ಇತ್ಯಾದಿ. ಓದಿ ನೋಡಿದರೆ ನನಗೇ ಅನುಮಾನ ಬರುವ ಹಾಗಿತ್ತು. ತಕ್ಷಣ ಅಳಿಸಿದೆ. ಅಳಿಸಿದ್ದಾರೆ ಅನ್ನುವ ಗುರುತು ಅಲ್ಲೇ ಉಳಿಯಿತು. "ಏನು ಡಿಲೀಟ್ ಮಾಡಿದ್ರಿ ಸುರೇಶಣ್ಣ?" ಅಂತ ನಾಟಕಕ್ಕೆ ಸಂಬಂಧವೇ ಇಲ್ಲದವರೂ ಕೇಳಿದರು.

ಸಿಂಚನಾ ಮಾತ್ರ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದಳು. ಸ್ಕ್ರಿಪ್ಟು ಮಡಿಲಲ್ಲಿ. ವಸುಧಾ ಏನಾದರೂ ಕೇಳಿದರೆ "ಹೂಂ ಆಂಟಿ" ಅನ್ನುತ್ತಿದ್ದಳು. ಟ್ರಾಫಿಕ್ಕಿನ ಬಗ್ಗೆ ಒಂದು ಮಾತೂ ಇಲ್ಲ. ನಾನು ಕನ್ನಡಿಯಲ್ಲಿ ನೋಡಿದರೆ ಅವಳು ಕಿಟಕಿಯಾಚೆ ಹೊಗೆ ನೋಡುತ್ತಿರುತ್ತಿದ್ದಳು.

ಆಮೇಲೆ ಮಂಜುನಾಥನ ಫೋನು. ಅವನದ್ದು ಮೆತ್ತನೆಯ ದನಿ, ಆವತ್ತು ಇನ್ನೂ ಮೆತ್ತಗಿತ್ತು. "ಸರ್, ನಿಮ್ಮನ್ನ ಒಂದ ಮಾತು ಕೇಳೋದಿತ್ತು. ರೈಡ್ ಯಾಕ ಬದಲಾತು ಅಂದ್ರ ಸಿಂಚನಾ ತನಗೂ ಗೊತ್ತಿಲ್ಲ ಅಂತಾಳ. ಏನರ ಆಗೇತೇನ್ರಿ?"

ಇಲ್ಲಿ ನಾನು "ಇಲ್ಲ" ಅಂದು ಫೋನಿಟ್ಟಿದ್ದರೆ ಸಾಕಿತ್ತು. ನನ್ನ ಬಾಯಿ ಅಷ್ಟಕ್ಕೆ ನಿಲ್ಲುವುದಿಲ್ಲ. "ಛೆ ಛೆ, ಏನಿಲ್ಲ ಮಂಜುನಾಥ್. ಸಿಂಚನಾ ಬಹಳ ಒಳ್ಳೆ ಹುಡುಗಿ. ನಮ್ಮ ಮಗಳಿದ್ದ ಹಾಗೆ. ನಿಖಿಲೂ ಒಳ್ಳೆಯವನೇ."

ಅವನ ಕಡೆ ಎಲ್ಲೋ ಮೈಕ್ರೋವೇವು ಟಿಣ್ ಅಂದದ್ದು ಕೇಳಿಸಿತು.

"ನಿಖಿಲ್ ಯಾಕ್ರಿ ಸರ್?"

"ಇಲ್ಲಾ... ಸುಮ್ನೆ ಹೇಳಿದೆ."

"ಹೌದ್ರಿ," ಅಂದ ಅವನು. ಫೋನಿಟ್ಟ.

ಈಗಲೂ ಸ್ನಾನ ಮಾಡುವಾಗ, ಕೆಂಪು ದೀಪದಲ್ಲಿ ನಿಂತಾಗ, ಆ ಮಾತು ನೆನಪಾಗಿ ನಾನು ಒಬ್ಬನೇ ಜೋರಾಗಿ "ಥೂ" ಅಂದುಬಿಡುತ್ತೇನೆ. ಪಕ್ಕದ ಕಾರಿನವರು ನೋಡುತ್ತಾರೆ. ಯಾರೂ ಹೆಸರೆತ್ತದ ಹುಡುಗನನ್ನು ಆ ಮನೆಯೊಳಕ್ಕೆ ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟು ಬಂದವನು ನಾನು.

ಸುದ್ದಿ ಯಾರ ಬಾಯಿಂದ ಹುಬ್ಬಳ್ಳಿಗೆ, ಮಂಜುನಾಥನ ತಾಯಿಯ ಕಿವಿಗೆ ಹೋಯಿತೋ ಗೊತ್ತಿಲ್ಲ. ಕ್ಯಾಂಪ್‌ಬೆಲ್‌ನಿಂದ ಸನ್ನಿವೇಲ್‌ಗೆ ಹೋಗುವಷ್ಟೂ ಹೊತ್ತು ಬೇಕಾಗಲಿಲ್ಲ. ಮುಂದಿನ ಸೋಮವಾರ ಗ್ರೂಪಿನಲ್ಲಿ ಮಂಜುನಾಥನ ಮೆಸೇಜು ಬಂತು: "ಕಾರಣಾಂತರಗಳಿಂದ ಸಿಂಚನಾ ನಾಟಕದಲ್ಲಿ ಪಾತ್ರ ವಹಿಸುವುದಿಲ್ಲ. ಕ್ಷಮಿಸಿ." ನನ್ನ ಪದವನ್ನೇ ಅವನು ಎರವಲು ತೆಗೆದುಕೊಂಡಿದ್ದ. ಅಥವಾ ಹಿಂದಿರುಗಿಸಿದ್ದ.

ಅದರ ನಂತರದ ರಿಹರ್ಸಲಿನಲ್ಲಿ ಮೇಡಂ ನೇರವಾಗಿ ಸ್ಕ್ರಿಪ್ಟು ತೆರೆದರು. ಎರಡನೇ ಅಂಕದಿಂದ ಶುರು ಮಾಡೋಣ ಅಂದರು. ನಾನು ಪರದೆಯ ಬಟ್ಟೆಯಲ್ಲಿ ಹೊಲಿದ ದೊರೆಯ ನಿಲುವಂಗಿ ತೊಟ್ಟು ನಿಂತೆ.

"ರಾಣಿಯ ಹೆಸರಿಗೆ ಧಕ್ಕೆಯಾಗದ ಹಾಗೆ ವಿಚಾರಿಸಿ. ಗುಟ್ಟಾಗಿ..."

"ಇನ್ನೊಂದು ಸಲ," ಅಂದರು ಮೇಡಂ.

ಹೇಳಿದೆ.

"ಸರಿ ಬರ್ತಿಲ್ಲ. ಇನ್ನೊಂದು ಸಲ."

ದನಿ ನಡುಗಿತು. ಮತ್ತೆ ಹೇಳಿದೆ. ಅವರು ನನ್ನ ಮುಖ ನೋಡದೆ ಸ್ಕ್ರಿಪ್ಟಿನ ಮೇಲೆ ಏನೋ ಗೀಚುತ್ತಾ, "ಈಗ ಬಂತು" ಅಂದರು. "ಇದೇ ಥರ ಹೇಳಿ. ಆಮೇಲೆ ಅವನು ಏನು ಮಾಡಿದ ಗೊತ್ತಲ್ಲ? ಬೇಟೆಗೆ ಅಂತ ಹೊರಟವನು ತಿರುಗಿ ಅವಳ ಮುಖ ನೋಡಲಿಲ್ಲ. ನೀವೂ ಹಾಗೇ ಬೆನ್ನು ತಿರುಗಿಸಿ ನಡೆದುಬಿಡಿ."

ರಾಣಿಯ ಪಾತ್ರ ವಿಶಾಲ ಮಾಡಿದರು. ಮನಸ್ಸಿಟ್ಟೇ ಮಾಡಿದರು, ಆ ಮಾತು ಹೇಳಲೇಬೇಕು. ಆದರೆ ಅವರಿಗೂ ನನ್ನ ವಯಸ್ಸು, ಮಂಡಿನೋವು ಬೇರೆ. ಕೊನೆಯ ದೃಶ್ಯದಲ್ಲಿ ಮಂಡಿಯ ಕೆಳಗೆ ದಿಂಬು ಇಟ್ಟುಕೊಳ್ಳುವಾಗ ಅದು ಜಾರಿ ಸಭೆ ಗೊಳ್ಳೆಂದು ನಕ್ಕಿತು. "ನಾಳೆ ತಪ್ಪಾಗಬಾರದು" ಅನ್ನುವ ಮಾತು ಆ ನಗುವಿನಲ್ಲಿ ಮುಳುಗಿತು. ಕೊನೆಗೆ ಎಲ್ಲರೂ ಎದ್ದುನಿಂತು ಚಪ್ಪಾಳೆ ತಟ್ಟಿದರು, ಊಟದ ಕ್ಯೂ ಅದೇ ದಿಕ್ಕಿನಲ್ಲಿತ್ತು. ಆ ದೃಶ್ಯ ನಿಜವಾಗಿ ಹೇಗಿತ್ತು ಅಂತ ನೋಡಿದವರು ನಾವು ಗರಾಜಿನ ಕೆಲವೇ ಜನ. ಮೇಡಂ ಮರುವಾರ ಮೈಸೂರಿಗೆ ಹೋದರು. ಹೊರಡುವಾಗ ವಸುಧಾಳನ್ನು ತಬ್ಬಿಕೊಂಡರು, ನನಗೆ ನಮಸ್ಕಾರ ಮಾಡಿದರು.

ಮೊದಲ ಮಳೆ ಬಿದ್ದು ಹೊಗೆಯೆಲ್ಲ ತೊಳೆದುಹೋದ ಮೇಲೆ, ನಾನು ಸ್ವಲ್ಪ ಉಸಿರಾಡುವ ಹೊತ್ತಿಗೆ, ಸಿಂಚನಾಳ ಫೋನು ಬಂತು. "ಅಂಕಲ್, ಗುರುವಾರ ನನ್ನ ಡ್ರೈವಿಂಗ್ ಟೆಸ್ಟ್ ಐತ್ರಿ. ಕಾರು ಐತಿ. ಬಾಜೂಕ ಕೂಡಾಕ ಲೈಸೆನ್ಸ್ ಇದ್ದವರು ಬೇಕು. ಇವರಿಗೆ ಮೀಟಿಂಗ್ ಐತಿ. ಬರ್ತೀರೇನ್ರಿ?"

ಇಷ್ಟು ಜನರಿರುವ ಊರಿನಲ್ಲಿ ನನ್ನನ್ನೇ ಯಾಕೆ ಕರೆದಳು ಅಂತ ಮೂರು ದಿನ ಚಿಂತಿಸಿದೆ. ಕ್ಷಮಿಸಲಿಕ್ಕೇ ಇರಬೇಕು ಅಂತ ಒಂದು ಆಸೆ. ಫ್ರೀವೇಯಲ್ಲಿ ಎಲ್ಲಾದರೂ ಗುದ್ದಿ ಲೆಕ್ಕ ಚುಕ್ತಾ ಮಾಡಲಿಕ್ಕೆ ಅಂತ ಒಂದು ಭಯ.

ವಸುಧಾ ನನ್ನನ್ನು ಸನ್ನಿವೇಲ್‌ನಲ್ಲಿ ಇಳಿಸಿ ಹೋದಳು. ಸಿಂಚನಾ ಕೀ ಹಿಡಿದು ಕಾರಿನ ಪಕ್ಕ ನಿಂತಿದ್ದಳು. ಸೊರಗಿಹೋಗಿದ್ದಳು, ಕುತ್ತಿಗೆಯ ಮೂಳೆ ಕಾಣುತ್ತಿತ್ತು. ಮೇಲಿನ ಬಾಲ್ಕನಿಯಲ್ಲಿ ಶಾಲು ಹೊದ್ದ ಹಿರಿಯ ಹೆಂಗಸೊಬ್ಬರು ನಿಂತು ನಮ್ಮನ್ನೇ ನೋಡುತ್ತಿದ್ದರು.

"ಅತ್ತಿಯವರು ಬಂದಾರ್ರಿ. ಆರು ತಿಂಗಳು ಇರ್ತಾರ," ಅಂದಳು. ಆ ಮನೆಯಲ್ಲಿ ಬಾಣಂತನವೂ ಇರಲಿಲ್ಲ, ಹಬ್ಬವೂ ಇರಲಿಲ್ಲ. ಅವರು ಯಾಕೆ ಬಂದಿದ್ದಾರೆ ಅಂತ ನಾನು ಕೇಳಬೇಕಾಗಿರಲಿಲ್ಲ. "ನಮ್ಮ ಮನಿಯವರ ಕಲಿಸ್ಯಾರ್ರಿ ಡ್ರೈವಿಂಗ್, ಗುಡಿ ಪಾರ್ಕಿಂಗ್‌ನ್ಯಾಗ. ಇನ್ನ ಯಾರ ಕಾರಿಗೂ ಕಾಯೋದು ಬ್ಯಾಡ ಅಂತ."

ನಾನು ಬೆಲ್ಟು ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದೆ. ಅವಳು ನಿಧಾನವಾಗಿ, ಜಾಗ್ರತೆಯಾಗಿ ಓಡಿಸಿದಳು. ಧೈರ್ಯ ತಂದುಕೊಂಡು ಬಾಯಿ ತೆರೆದೆ: "ಸಿಂಚನಾ, ಆವತ್ತು ನಾನು ಗ್ರೂಪಲ್ಲಿ..."

"ಈಗ ಬ್ಯಾಡ್ರಿ ಅಂಕಲ್. ಲೇನ್ ಬದಲಾಯಿಸಾಕತ್ತೇನಿ."

ಟೆಸ್ಟಿನ ಆಫೀಸಿಗೆ ಬೇಗ ತಲುಪಿದೆವು. ಅವಳು ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ನೇರ ಮುಂದೆ ನೋಡುತ್ತಾ, "ಅಂಕಲ್, ಒಳಗ ಹೋಗೂಕಿಂತ ಮದಲ ಇಲ್ಲೇ ಒಂದ ಸಲ ಪಾರ್ಕಿಂಗ್ ಮಾಡಿ ನೋಡ್ಲೇನ್ರಿ? ತಪ್ಪಾಗಬಾರದು" ಅಂದಳು.

ಅವಳಿಗೆ ಅದು ನೆನಪಿತ್ತೋ ಇಲ್ಲವೋ. ನನಗೆ ನೀಲಿ ಐಸ್ ಬಾಕ್ಸು ಕಣ್ಣಮುಂದೆ ಬಂತು. ಮಾಡಮ್ಮ ಅಂದೆ. ಅವಳು ಹಿಂದೆ ತಿರುಗಿ ನೋಡಿ ಎರಡು ಗೆರೆಗಳ ನಡುವೆ ಕಾರನ್ನು ನಿಲ್ಲಿಸಿದಳು. ಸರಿಯಾಗಲಿಲ್ಲ ಅನಿಸಿತು. ಹೊರತೆಗೆದಳು. ಮತ್ತೆ ನಿಲ್ಲಿಸಿದಳು.

ಪರೀಕ್ಷಕಿ ಬಂದು ನನ್ನ ಸೀಟಿನಲ್ಲಿ ಕೂತಳು. ನಾನು ಹೊರಗೆ ಒದ್ದೆ ಬೆಂಚಿನ ಮೇಲೆ ಕೂತೆ. ತಿರುಗಿ ಬಂದಾಗ ಸಿಂಚನಾಳ ಕೈಯಲ್ಲಿ ಕಾಗದವಿತ್ತು. ಪಾಸು. ನಾನು ಚಪ್ಪಾಳೆ ತಟ್ಟಿದೆ, ಅವಳು ಸ್ವಲ್ಪ ನಕ್ಕಳು. ಕಾರಿನಲ್ಲಿ ಕೂತ ಮೇಲೂ ಸ್ಟಾರ್ಟ್ ಮಾಡಲಿಲ್ಲ.

"ನೀವು ಆಗಳೇ ಏನೋ ಹೇಳಾಕ ಹೊಂಟಿದ್ರಿ."

"ಆ ಮೆಸೇಜು ನಾನು ಹಾಕಬಾರದಿತ್ತು."

"ಅದಕ್ಕ ಮದಲ ಥಮ್ಸ್ ಅಪ್ ಹಾಕಿದಾಕಿ ನಾನ ರಿ."

"ನೋಡಿದ್ದೆ."

"ಯಾಕ ಹಾಕಿದ್ದೆ ಅಂತ ಗೊತ್ತೇನ್ರಿ?" ಅವಳು ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. "ನೀವು ದೊಡ್ಡವರು. ತಿಳಿದವರು. ನನಗ ಗೊತ್ತಾಗದಂಗ ನನ್ನ ಕಡಿಂದ ಏನೋ ತಪ್ಪಾಗೇತಿ, ಅದನ್ನ ನೀವು ಯಾರಿಗೂ ತಿಳೀದಂಗ ಮುಚ್ಚಾಕತ್ತೀರಿ ಅಂದ್ಕೊಂಡೆ. ಆಮ್ಯಾಲೆ ಇವರು ಕೇಳಿದ್ರು, ಅತ್ತಿಯವರು ಕೇಳಿದ್ರು. ಏನಂತ ಹೇಳಬೇಕು ನನಗೂ ತಿಳೀಲಿಲ್ಲ. ನಿಮ್ಮನ್ನ ಕೇಳಬೇಕಂತನ ಇವತ್ತ ಕರದೇನಿ. ಏನ ತಪ್ಪಾಗಿತ್ರಿ ಅಂಕಲ್?"

ಮಳೆ ಮತ್ತೆ ಸಣ್ಣಗೆ ಶುರುವಾಗಿತ್ತು. ಗಾಜಿನ ಮೇಲೆ ಹನಿಗಳು ಒಂದನ್ನೊಂದು ಹುಡುಕಿಕೊಂಡು ಇಳಿಯುತ್ತಿದ್ದವು.

"ಏನಿಲ್ಲಮ್ಮ," ಅಂದೆ. "ಏನೇನೂ ಆಗಿರಲಿಲ್ಲ."

ಆ ವರ್ಷ ಪೂರ್ತಿ ನಾನು ಸಿಕ್ಕಸಿಕ್ಕವರಿಗೆ ಹೇಳಿದ್ದು ಇದೇ ಮಾತು. ಬೇರೆ ಮಾತು ನನ್ನ ಹತ್ತಿರ ಉಳಿದಿರಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು, ಅದರ ಹಿಂದೆ ಏನಾದರೂ ಬರುತ್ತದೇನೋ ಎಂಬಂತೆ. ಆಮೇಲೆ ಕನ್ನಡಿ ಸರಿಮಾಡಿಕೊಂಡಳು, ಸಿಗ್ನಲ್ ಹಾಕಿದಳು.

"ಹೌದ್ರಿ," ಅಂದಳು. "ಎಲ್ಲಾರಿಗೂ ಹಂಗ ಹೇಳೀರಂತ."